ಕಾಲೇಜು ಕ್ರೀಡೆಯಿಂದ ವಿಶ್ವವಿದ್ಯಾಲಯಕ್ಕೆ ಹೆಸರು ಬರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಮುಖ್ಯವಾಗಿ ಮೂರು ಬಗೆಯವರಿಂದ ಬರುತ್ತವೆ: ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಅಪ್ಪ ಅಮ್ಮಂದಿರು, ಕ್ರೀಡಾ ಕೋಟಾದಲ್ಲಿ ಸೀಟು ಹುಡುಕುವವರು, ಮತ್ತು ‘ಒಳ್ಳೆ ತಂಡ ಕಟ್ಟಿದರೆ ಅಡ್ಮಿಷನ್ ಜಾಸ್ತಿ ಆಗುತ್ತಾ’ ಎಂದು ಲೆಕ್ಕ ಹಾಕುವ ಆಡಳಿತ ಮಂಡಳಿಯವರು. ಅಮೆರಿಕದ ಮಾತು ಮೊದಲು. ಕಾಲೇಜು ಕ್ರೀಡೆಯನ್ನು ಕೋಟ್ಯಂತರ ಡಾಲರಿನ ವ್ಯವಹಾರ ಮಾಡಿಕೊಂಡವರೂ ಅವರೇ, ಅದರಿಂದ ಸಿಕ್ಕಿದ್ದೆಷ್ಟು ಎಂದು ಕೂತು ಅಳೆದವರೂ ಅವರೇ.

ಒಂದೇ ಮಾತಿನಲ್ಲಿ ಹೇಳಿ, ಕ್ರೀಡೆಯಿಂದ ಹೆಸರು ಬೆಳೆಯುತ್ತದೆಯೇ?

ಹೆಸರು ಜನರ ಕಿವಿಗೆ ಬೀಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಿವಿಗೆ ಬಿದ್ದ ಹೆಸರಿಗೆ ವಿದ್ವತ್ತಿನ ಗೌರವ ತಾನಾಗಿ ಸೇರಿಕೊಳ್ಳುವುದಿಲ್ಲ. ಗೆದ್ದ ವರ್ಷ ಅರ್ಜಿ ಹೆಚ್ಚುತ್ತದೆ, ಹಳೆ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಾರೆ, ಟೀ ಶರ್ಟು ಮಾರಾಟವಾಗುತ್ತದೆ. ಪಾಠ, ಸಂಶೋಧನೆ, ಕೆಲಸ ಸಿಗುವ ಪ್ರಮಾಣ ಮೊದಲೇ ಗಟ್ಟಿಯಿದ್ದ ಕಡೆ ಈ ಗದ್ದಲ ಲಾಭವಾಗಿ ನಿಲ್ಲುತ್ತದೆ. ಇಲ್ಲದ ಕಡೆ ಎರಡು ಮೂರು ವರ್ಷಕ್ಕೆ ಇಳಿದುಹೋಗುತ್ತದೆ, ಖರ್ಚು ಮಾತ್ರ ಉಳಿಯುತ್ತದೆ.

‘ಫ್ಲೂಟಿ ಎಫೆಕ್ಟ್’ ಅನ್ನುತ್ತಾರಲ್ಲ, ಏನದು? ನಿಜವೇ?

1984ರ ನವೆಂಬರ್ 23ರಂದು ಮಯಾಮಿಯ ಆರೆಂಜ್ ಬೌಲ್ ಮೈದಾನದಲ್ಲಿ ಬಾಸ್ಟನ್ ಕಾಲೇಜಿನ ಫುಟ್‌ಬಾಲ್ ಆಟಗಾರ ಡಗ್ ಫ್ಲೂಟಿ (ಇಲ್ಲೆಲ್ಲ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್) ಆಟದ ಕೊನೆಯ ಎಸೆತದಲ್ಲಿ ಚೆಂಡನ್ನು ಸುಮ್ಮನೆ ದೂರಕ್ಕೆ ತೂರಿದ. ಗೋಲು ಗೆರೆಯಾಚೆ ನಿಂತಿದ್ದ ಜೆರಾರ್ಡ್ ಫೆಲನ್ ಅದನ್ನು ಹಿಡಿದ. ಮಯಾಮಿ ತಂಡ 47–45ರಲ್ಲಿ ಸೋತಿತು. ದೇಶವೆಲ್ಲ ಟಿವಿ ನೋಡುತ್ತಿದ್ದ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅದು. ಆ ವರ್ಷ ಬಾಸ್ಟನ್ ಕಾಲೇಜಿಗೆ ಬಂದ ಅರ್ಜಿ ಸುಮಾರು 16%, ಮರುವರ್ಷ 12% ಏರಿತು. ಅಲ್ಲಿಂದ ಈ ಹೆಸರು ಹುಟ್ಟಿಕೊಂಡಿತು. ಇವತ್ತಿಗೂ ಯಾವುದೇ ಕಾಲೇಜು ಹೊಸ ಸ್ಟೇಡಿಯಂ ಕಟ್ಟುವಾಗ ಈ ಎರಡು ಅಂಕಿಗಳನ್ನೇ ತೋರಿಸುತ್ತಾರೆ.

ತೋರಿಸದೆ ಬಿಡುವ ಸಂಗತಿಗಳೂ ಇವೆ. ಆ ಕಾಲೇಜಿಗೆ ಅರ್ಜಿ ಹೆಚ್ಚುತ್ತಿದ್ದುದು ಫ್ಲೂಟಿ ಬರುವ ಮೊದಲಿನಿಂದಲೂ. ಹೊಸ ಹಾಸ್ಟೆಲ್‌ಗಳು, ಬಾಸ್ಟನ್ ಸುತ್ತಲಿನಾಚೆಗೂ ಹೋಗಿ ವಿದ್ಯಾರ್ಥಿಗಳನ್ನು ಕರೆತರುವ ಪ್ರಯತ್ನ, ಆರ್ಥಿಕ ನೆರವು ಎಲ್ಲವೂ ಆಗ ನಡೆದಿತ್ತು. 1990ರ ದಶಕದ ಕೊನೆಗೆ ಅದೇ ತಂಡ 4 ಪಂದ್ಯ ಗೆದ್ದು 7 ಸೋತ ಹೊತ್ತಿನಲ್ಲಿ ಅರ್ಜಿ 17% ಜಿಗಿಯಿತು. ಇದನ್ನು ಯಾರೂ ‘ಸೋಲಿನ ಎಫೆಕ್ಟ್’ ಎಂದು ಕರೆಯಲಿಲ್ಲ!

ಅಧ್ಯಯನಗಳು ಏನು ಹೇಳುತ್ತವೆ?

ಮೂರನ್ನು ತಿಳಿದುಕೊಂಡರೆ ಸಾಕು.

ಪೋಪ್ ಸೋದರರ 2009ರ ಅಧ್ಯಯನದ ಪ್ರಕಾರ ಫುಟ್‌ಬಾಲ್‌ನಲ್ಲಿ ಮೊದಲ 20ರೊಳಗೆ ಅಥವಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೊನೆಯ 16 ತಂಡಗಳೊಳಗೆ ಬಂದ ವಿಶ್ವವಿದ್ಯಾಲಯಕ್ಕೆ ಅರ್ಜಿ 2%ರಿಂದ 8%ವರೆಗೆ ಹೆಚ್ಚುತ್ತದೆ. ಹೀಗೆ ಹೆಚ್ಚಾದ ಅರ್ಜಿಗಳಲ್ಲಿ ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಕಡಿಮೆಯಿದ್ದವರ ಪಾಲು ದೊಡ್ಡದು. ಪರಿಣಾಮ ಹೆಚ್ಚು ಕಾಲ ನಿಲ್ಲುವುದೂ ಇಲ್ಲ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡಗ್ ಚಂಗ್ 2013ರಲ್ಲಿ ಇನ್ನೂ ದೊಡ್ಡ ಅಂಕಿ ಕೊಟ್ಟರು. ಫುಟ್‌ಬಾಲ್ ತಂಡ ಸಾಧಾರಣ ಮಟ್ಟದಿಂದ ಅತ್ಯುತ್ತಮ ಮಟ್ಟಕ್ಕೆ ಏರಿದರೆ ಅರ್ಜಿ ಸುಮಾರು 18% ಏರುತ್ತದೆ ಎಂದು. ಇಲ್ಲೂ ಅಂಕ ಕಡಿಮೆಯಿರುವ ವಿದ್ಯಾರ್ಥಿಗಳೇ ಹೆಚ್ಚು ಮರುಳಾಗುವವರು. ಆದರೆ ಚೆನ್ನಾಗಿ ಓದುವವರ ಮೇಲೆ ಏನೂ ಪರಿಣಾಮವಿಲ್ಲ ಎಂದೇನೂ ಅವರು ಹೇಳಿಲ್ಲ.

ಬರ್ಕ್ಲಿಯ ಮೈಕೆಲ್ ಆಂಡರ್ಸನ್ ಮಾಡಿದ್ದು ಜಾಣತನದ ಕೆಲಸ. ಶ್ರೀಮಂತ ವಿಶ್ವವಿದ್ಯಾಲಯವೇ ಒಳ್ಳೆಯ ತಂಡ ಕಟ್ಟುತ್ತದೆ, ಅದಕ್ಕೇ ಅರ್ಜಿಯೂ ಹೆಚ್ಚು ಬರುತ್ತದೆ. ಹಾಗಿದ್ದಮೇಲೆ ಯಾವುದು ಕಾರಣ, ಯಾವುದು ಫಲ? ಅದಕ್ಕೆ ಅವರು ಬೆಟ್ಟಿಂಗ್‌ನವರ ಅಂದಾಜನ್ನು ಹಿಡಿದರು. ಗೆಲುವಿನ ನಿರೀಕ್ಷೆ ಎಷ್ಟಿತ್ತೆಂದು ಬೆಟ್ಟಿಂಗ್ ಲೆಕ್ಕ ಹೇಳುತ್ತದೆ. ಅದನ್ನು ಮೀರಿ ಗೆದ್ದದ್ದು ಅದೃಷ್ಟದ ಪಾಲು. ಆ ಪಾಲನ್ನಷ್ಟೇ ತೆಗೆದು ನೋಡಿದಾಗಲೂ ಕ್ರೀಡಾ ದೇಣಿಗೆ, ಅರ್ಜಿ ಏರಿದ್ದು ಕಂಡಿತು. ಬೇರೆ ವಿಶ್ವವಿದ್ಯಾಲಯದವರು ಕೊಡುವ ಶೈಕ್ಷಣಿಕ ಅಂಕವೂ ತುಸು ಮೇಲೆ ಹೋಗಿತ್ತು. ಪರಿಣಾಮ ಇದೆ, ಆದರೆ ಅದಕ್ಕಾಗಿ ಸುರಿಯುವ ದುಡ್ಡಿನ ಮುಂದೆ ಚಿಕ್ಕದು ಎಂಬುದು ನಮ್ಮ ತೀರ್ಮಾನ.

ಅಮೆರಿಕದ ರ‍್ಯಾಂಕಿಂಗ್‌ನಲ್ಲಿ ಕ್ರೀಡೆಗೆ ಅಂಕ ಇದೆಯೇ?

ಇಲ್ಲ. ‘ಯು.ಎಸ್. ನ್ಯೂಸ್’ ಪಟ್ಟಿಯಲ್ಲಿ ಪದವಿ ಮುಗಿಸುವವರ ಪ್ರಮಾಣ, ಬೋಧಕರು, ಹಣಕಾಸು ಇತ್ಯಾದಿ ಇವೆ. ತಂಡ ಒಳಗೆ ನುಸುಳುವುದಿದ್ದರೆ ಒಂದೇ ಕಿಂಡಿ: ಬೇರೆ ವಿಶ್ವವಿದ್ಯಾಲಯಗಳ ಮುಖ್ಯಸ್ಥರು, ಡೀನ್‌ಗಳು ಕೊಡುವ ಅಂಕ. ಅದರ ತೂಕ 20%. ಹೆಸರನ್ನೇ ಕೇಳಿಲ್ಲದ ಕಾಲೇಜಿಗೆ ಅವರು ಅಂಕ ಕೊಡಲಾರರು. ಟಿವಿಯಲ್ಲಿ ಕಂಡ ಹೆಸರು ಅಷ್ಟರ ಮಟ್ಟಿಗೆ ನೆನಪಿಗೆ ಬರುತ್ತದೆ.

ಫುಟ್‌ಬಾಲ್ ನಿಲ್ಲಿಸಿ ಉದ್ಧಾರವಾದ ವಿಶ್ವವಿದ್ಯಾಲಯ ಇದೆಯೇ?

ಶಿಕಾಗೊ ವಿಶ್ವವಿದ್ಯಾಲಯ ಇದೆ. ಒಂದು ಕಾಲಕ್ಕೆ ಅದು ಫುಟ್‌ಬಾಲ್ ದೈತ್ಯ. ಅತ್ಯುತ್ತಮ ಆಟಗಾರನಿಗೆ ಕೊಡುವ, ಈಗ ಹೈಸ್ಮನ್ ಎನ್ನುವ ಪ್ರಶಸ್ತಿ ಮೊದಲ ಬಾರಿ, 1935ರಲ್ಲಿ, ಹೋದದ್ದು ಅಲ್ಲಿನ ಜೇ ಬರ್ವಾಂಗರ್‌ಗೆ. ನಾಲ್ಕೇ ವರ್ಷದಲ್ಲಿ ತಂಡ ಎಷ್ಟು ಕುಸಿಯಿತೆಂದರೆ 1939ರಲ್ಲಿ ಮಿಶಿಗನ್ ಕೈಲಿ 85–0ರಿಂದ ಸೋತಿತು. ಅಧ್ಯಕ್ಷ ರಾಬರ್ಟ್ ಹಚಿನ್ಸ್ ಆ ವರ್ಷವೇ ಫುಟ್‌ಬಾಲ್ ನಿಲ್ಲಿಸಿಬಿಟ್ಟರು. 1942ರ ಡಿಸೆಂಬರ್ 2ರಂದು, ಖಾಲಿ ಬಿದ್ದಿದ್ದ ಅದೇ ಸ್ಟ್ಯಾಗ್ ಫೀಲ್ಡ್‌ನ ಪ್ರೇಕ್ಷಕರ ಗ್ಯಾಲರಿಯ ಕೆಳಗಿನ ಅಂಕಣದಲ್ಲಿ ಎನ್ರಿಕೊ ಫರ್ಮಿ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ನಡೆಸಿತು. ಫುಟ್‌ಬಾಲ್ ಮರಳಿದ್ದು 1969ರಲ್ಲಿ. ಈಗ ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಕೊನೆಯದಾದ ಮೂರನೇ ವಿಭಾಗದಲ್ಲಿ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದೆ ಆಡುತ್ತಾರೆ.

ಇದನ್ನು ಓದಿ ‘ಹಾಗಾದರೆ ತಂಡ ಬೇಡ’ ಎಂದು ಎಲ್ಲರೂ ಹೊರಡುವಂತಿಲ್ಲ. ಶಿಕಾಗೊಗೆ ರಾಕ್‌ಫೆಲರ್ ದುಡ್ಡಿನ ಬುನಾದಿ ಇತ್ತು, ದೊಡ್ಡ ದೊಡ್ಡ ಪ್ರಾಧ್ಯಾಪಕರಿದ್ದರು. ಬರ್ಮಿಂಗ್‌ಹ್ಯಾಮ್‌ನ ಅಲಬಾಮ ವಿಶ್ವವಿದ್ಯಾಲಯ 2014ರ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಮುಚ್ಚಿದಾಗ ಊರವರೂ ಹಳೆ ವಿದ್ಯಾರ್ಥಿಗಳೂ ತಿರುಗಿಬಿದ್ದರು. ಅರ್ಧ ವರ್ಷದಲ್ಲಿ ನಿರ್ಧಾರ ವಾಪಸು, 2017ರಲ್ಲಿ ತಂಡ ಮತ್ತೆ ಮೈದಾನಕ್ಕೆ. ಸ್ಟ್ಯಾನ್‌ಫರ್ಡ್ ಕೂಡ 2020ರಲ್ಲಿ 11 ಕ್ರೀಡೆಗಳನ್ನು ಕೈಬಿಡುವುದಾಗಿ ಹೇಳಿ ಮರುವರ್ಷ ಮಾತು ಹಿಂತೆಗೆದುಕೊಂಡಿತು. ಶುರು ಮಾಡುವಷ್ಟು ಸುಲಭವಲ್ಲ ನಿಲ್ಲಿಸುವುದು.

ಸ್ಟ್ಯಾನ್‌ಫರ್ಡ್ ಓದಿನಲ್ಲೂ ಆಟದಲ್ಲೂ ಮುಂದಿದೆಯಲ್ಲ?

ಹೌದು. ಎಲ್ಲ ಕ್ರೀಡೆಗಳ ಸಾಧನೆ ಕೂಡಿಸಿ ಕೊಡುವ ಡೈರೆಕ್ಟರ್ಸ್ ಕಪ್ಪನ್ನು 1995ರಿಂದ 2019ರವರೆಗೆ ಸತತ 25 ಸಲ ಗೆದ್ದದ್ದು ಅದೇ. ಆದರೆ ಸಿಲಿಕಾನ್ ವ್ಯಾಲಿಯಲ್ಲಿ ಅದರ ಹೆಸರು ಈಜಿನಿಂದಲೋ ಟೆನಿಸ್‌ನಿಂದಲೋ ಬಂದದ್ದಲ್ಲ. ಅತ್ತ ಎಂಐಟಿ, ಕ್ಯಾಲ್‌ಟೆಕ್ ಮೂರನೇ ವಿಭಾಗದಲ್ಲಿ ಆಡುತ್ತವೆ. ಕ್ಯಾಲ್‌ಟೆಕ್‌ನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಲೀಗ್‌ನಲ್ಲಿ ಸತತ 310 ಪಂದ್ಯ ಸೋತು 2011ರಲ್ಲಿ ಗೆಲುವು ಕಂಡಿತು. ಅದರಿಂದ ಒಬ್ಬ ವಿದ್ಯಾರ್ಥಿಯೂ ಸೀಟು ಬಿಟ್ಟ ಹಾಗಿಲ್ಲ.

ಅಲಬಾಮದ ಕಥೆ?

ಇದು ಬರ್ಮಿಂಗ್‌ಹ್ಯಾಮ್‌ನದ್ದಲ್ಲ, ಟಸ್ಕಲೂಸಾ ಊರಿನ ಅಲಬಾಮ ವಿಶ್ವವಿದ್ಯಾಲಯ. ಕ್ರೀಡೆಯ ಪರ ವಾದಿಸುವವರ ಕೈಲಿರುವ ಅತಿ ಗಟ್ಟಿ ಉದಾಹರಣೆ ಇದು. 2007ರಲ್ಲಿ ಕೋಚ್ ನಿಕ್ ಸೇಬನ್‌ಗೆ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಕೊಟ್ಟು ಕರೆತಂದರು. 2009ರಿಂದ 2020ರ ನಡುವೆ ಆರು ರಾಷ್ಟ್ರೀಯ ಕಿರೀಟ ಬಂತು. ಆಗ 25 ಸಾವಿರದ ಆಸುಪಾಸಿನಲ್ಲಿದ್ದ ವಿದ್ಯಾರ್ಥಿ ಸಂಖ್ಯೆ ಈಗ 40 ಸಾವಿರದ ಹತ್ತಿರ. ಅರ್ಧಕ್ಕಿಂತ ಹೆಚ್ಚು ಮಂದಿ ಹೊರ ರಾಜ್ಯದವರು, ಅಂದರೆ ಹೆಚ್ಚು ಫೀಸಿನ ಪಟ್ಟಿಯವರು.

ಆದರೆ ಅದೇ ಅವಧಿಯಲ್ಲಿ ವಿಶ್ವವಿದ್ಯಾಲಯ ಹೊರ ರಾಜ್ಯದ ಜಾಣ ಮಕ್ಕಳಿಗೆ ದೊಡ್ಡ ಮೆರಿಟ್ ವಿದ್ಯಾರ್ಥಿವೇತನ ಇಟ್ಟಿತು, ಊರೂರಿಗೆ ಅಡ್ಮಿಷನ್ ಪ್ರತಿನಿಧಿಗಳನ್ನು ಕಳಿಸಿತು. ಫುಟ್‌ಬಾಲ್ ಬಾಗಿಲು ತಟ್ಟಿತು, ಒಳಗೆ ಕರೆದದ್ದು ವಿದ್ಯಾರ್ಥಿವೇತನ. ಇದರಲ್ಲಿ ಮೊದಲನೆಯದನ್ನು ಮಾತ್ರ ನಕಲು ಮಾಡಿದ ಕಾಲೇಜುಗಳು ಕೈಸುಟ್ಟುಕೊಂಡವು.

ಈ ದುಡ್ಡೆಲ್ಲ ಯಾರದ್ದು?

ಟಿವಿ ಹಕ್ಕು, ಟಿಕೆಟ್, ದೇಣಿಗೆಯಿಂದ ಸ್ವಂತ ಕಾಲ ಮೇಲೆ ನಿಲ್ಲುವ ಕ್ರೀಡಾ ವಿಭಾಗಗಳು ಬೆರಳೆಣಿಕೆಯಷ್ಟು. ಮೊದಲ ವಿಭಾಗದ ಉಳಿದ ಬಹುತೇಕ ಕಡೆ ವಿಶ್ವವಿದ್ಯಾಲಯದ ಬೊಕ್ಕಸ ಮತ್ತು ವಿದ್ಯಾರ್ಥಿಗಳ ಫೀಸಿನಿಂದ ತುಂಬಿಸುತ್ತಾರೆ. 2025ರ ನ್ಯಾಯಾಲಯದ ಒಪ್ಪಂದದ ನಂತರ ಆಟಗಾರರಿಗೂ ನೇರವಾಗಿ ಪಾಲು ಕೊಡಬಹುದು. 2025–26ಕ್ಕೆ ಒಂದು ವಿಶ್ವವಿದ್ಯಾಲಯಕ್ಕೆ ಅದರ ಮಿತಿ ಸುಮಾರು 2.05 ಕೋಟಿ ಡಾಲರ್. ಸಣ್ಣ ವಿಶ್ವವಿದ್ಯಾಲಯಗಳಿಗೆ ಈ ಪೈಪೋಟಿ ಇನ್ನೂ ದುಬಾರಿಯಾಯಿತು.

ಕ್ರೀಡೆಯಿಂದ ಹೆಸರು ಕೆಡುವುದುಂಟೇ?

ಉಂಟು. ಸೋಲಿನಿಂದಲ್ಲ, ಗೆಲ್ಲಲೇಬೇಕೆಂದು ನಿಯಮ ಸಡಿಲಿಸುವುದರಿಂದ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ತರಗತಿಯೇ ನಡೆಯದ ‘ಪೇಪರ್ ಕ್ಲಾಸ್’ಗಳಲ್ಲಿ ಸುಮಾರು 3,100 ವಿದ್ಯಾರ್ಥಿಗಳು ಅಂಕ ಪಡೆದರು. ಹೆಚ್ಚುಕಡಿಮೆ ಅರ್ಧದಷ್ಟು ಆಟಗಾರರು. ಕ್ರೀಡಾ ಸಂಸ್ಥೆ ಎನ್‌ಸಿಎಎ ಕೊನೆಗೆ ದಂಡ ಹಾಕಲಿಲ್ಲ. ಆದರೆ ಮಾನ್ಯತೆ ಕೊಡುವ ಸಂಸ್ಥೆ 2015ರಲ್ಲಿ ಒಂದು ವರ್ಷ ಪ್ರೊಬೇಷನ್‌ನಲ್ಲಿಟ್ಟಿತು. ಪದವಿಯ ಬೆಲೆಯೇ ಪ್ರಶ್ನೆಗೊಳಗಾಯಿತು.

2019ರಲ್ಲಿ ಹೊರಬಿದ್ದ ಅಡ್ಮಿಷನ್ ಹಗರಣದ ದಾರಿಯೂ ಕ್ರೀಡೆಯದ್ದೇ. ಕೋಚ್‌ಗಳಿಗೆ ‘ಈ ಹುಡುಗ ಬೇಕು’ ಎಂದು ಹೇಳಲು ಕೆಲವು ಸೀಟು ಇರುತ್ತವೆ. ದೋಣಿ ಹತ್ತದವರನ್ನೂ ರೋಯಿಂಗ್ ಪಟುವೆಂದು ತೋರಿಸಿ ಲಂಚಕ್ಕೆ ಆ ಸೀಟು ಮಾರಿದರು. ಯೇಲ್, ಸ್ಟ್ಯಾನ್‌ಫರ್ಡ್‌ನಂಥ ಕಡೆಯೂ ಕೋಚ್‌ಗಳು ಸಿಕ್ಕಿಬಿದ್ದರು.

ಮಗಳು ಅಮೆರಿಕಕ್ಕೆ ಓದಲು ಹೋಗುತ್ತಿದ್ದಾಳೆ. ತಂಡ ನೋಡಿ ಕಾಲೇಜು ಆರಿಸಬಹುದೇ?

ಬೇಡ. ತಂಡ ಚೆನ್ನಾಗಿದ್ದರೆ ಶನಿವಾರ ಖುಷಿಯಾಗಿ ಕಳೆಯುತ್ತದೆ, ಅಷ್ಟೇ. ಕೋರ್ಸಿನ ಮಟ್ಟ, ಇಂಟರ್ನ್‌ಶಿಪ್, ವೀಸಾ ನೆರವು ಮೊದಲು. ಫೀಸಿನ ಪಟ್ಟಿಯಲ್ಲಿ ‘ಅಥ್ಲೆಟಿಕ್ಸ್ ಫೀ’ ಪ್ರತ್ಯೇಕ ಸಾಲಾಗಿದೆಯೇ, ಕಡ್ಡಾಯವೇ ಎಂದು ನೋಡಿ. ಕೆಲವು ಕಡೆ ‘ಸ್ಟೂಡೆಂಟ್ ಫೀ’ ಎಂಬ ಒಂದೇ ಸಾಲಿನೊಳಗೆ ಅಡಗಿರುತ್ತದೆ, ಬಿಡಿಸಿ ಕೇಳಿದರೆ ಕೊಡುತ್ತಾರೆ.

ಅವಳೇ ಟೆನಿಸ್ ಆಡುತ್ತಾಳೆ, ಕ್ರೀಡಾ ವಿದ್ಯಾರ್ಥಿವೇತನ ಸಿಗುವುದೇ?

ಸಿಗುತ್ತದೆ. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಆಡಿ 2007, 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದರು. ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಿಂದ ಎತ್ತರ ಜಿಗಿತ ಗೆದ್ದ ಮೇಲೆ ಆ ವಿಶ್ವವಿದ್ಯಾಲಯದ ಹೆಸರು ನಮ್ಮ ಪತ್ರಿಕೆಗಳಲ್ಲೂ ಬಂತು. ಐವಿ ಲೀಗ್ (ಹಾರ್ವರ್ಡ್, ಯೇಲ್ ಮುಂತಾದ ಎಂಟು ವಿಶ್ವವಿದ್ಯಾಲಯಗಳ ಗುಂಪು) ಮತ್ತು ಮೂರನೇ ವಿಭಾಗದ ಕಾಲೇಜುಗಳು ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ನೆನಪಿರಲಿ.

ಮೊದಲ ವಿಭಾಗಕ್ಕೆ 9ರಿಂದ 12ನೇ ತರಗತಿವರೆಗಿನ 16 ಕೋರ್ ವಿಷಯ, ಅದರಲ್ಲಿ ಕನಿಷ್ಠ 2.3 ಜಿಪಿಎ ಬೇಕು. ಎಸ್‌ಎಟಿಯನ್ನು ಎನ್‌ಸಿಎಎ ಈಗ ಕೇಳುವುದಿಲ್ಲ, ಕಾಲೇಜು ಕೇಳಬಹುದು. ನಮ್ಮ ಮಕ್ಕಳು ಎಡವುವುದು ಎರಡು ಕಡೆ. 9ನೇ ತರಗತಿಯ ಅಂಕಪಟ್ಟಿ ಎತ್ತಿಟ್ಟಿರುವುದಿಲ್ಲ. ಶಾಲೆಯಿಂದ ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಈಗಲೇ ತೆಗೆಸಿಡಿ. ಇನ್ನೊಂದು, ಗಣಿತ ಮೂರು ವರ್ಷ ಇರಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟವರು ಮೊದಲೇ ವಿಚಾರಿಸಿಕೊಳ್ಳಿ.

ಆಟಗಾರರಿಗೆ ಜಾಹೀರಾತಿನಿಂದ ಸಿಗುವ ದುಡ್ಡಿಗೆ ಎಫ್-1 (ವಿದ್ಯಾರ್ಥಿ) ವೀಸಾದವರು ಕೈಚಾಚುವ ಮುನ್ನ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಲಿಖಿತವಾಗಿ ಕೇಳಲೇಬೇಕು. ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಆ ವೀಸಾದಲ್ಲಿ ಬಿಗಿ ಮಿತಿಯಿದೆ. ಅಮೆರಿಕದ ಸಹ ಆಟಗಾರ್ತಿ ಮಾಡಿದಳೆಂದು ತಾನೂ ಮಾಡಿದರೆ ವೀಸಾಕ್ಕೇ ಸಂಚಕಾರ.

ಭಾರತದಲ್ಲಿ ಕ್ರೀಡೆಯಿಂದ ವಿಶ್ವವಿದ್ಯಾಲಯದ ರ‍್ಯಾಂಕ್ ಏರುತ್ತದೆಯೇ?

ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನಲ್ಲಿ ಇಲ್ಲ. ಬೋಧನೆ ಮತ್ತು ಸಂಪನ್ಮೂಲ 30, ಸಂಶೋಧನೆ 30, ಪದವಿ ಫಲಿತಾಂಶ 20, ಒಳಗೊಳ್ಳುವಿಕೆ 10, ಜನಾಭಿಪ್ರಾಯ 10. ಪದಕಕ್ಕೆಂದು ಒಂದು ಅಂಕವೂ ಇಲ್ಲ.

ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನಲ್ಲಿ ಇದೆ. ಏಳು ಮಾನದಂಡಗಳ ಪದ್ಧತಿಯಲ್ಲಿ ನಾಲ್ಕನೆಯದರಲ್ಲಿ ಮೈದಾನ, ಜಿಮ್, ಯೋಗ ಸೌಲಭ್ಯ. ಐದನೆಯದರಲ್ಲಿ ಪ್ರಶಸ್ತಿ, ಪದಕ, ಕ್ರೀಡಾಕೂಟ. ಕಾಲೇಜುಗಳು ಇಲ್ಲಿ ಅಂಕ ಕಳೆದುಕೊಳ್ಳುವುದು ಪದಕ ಇಲ್ಲದೆ ಅಲ್ಲ, ಕಾಗದ ಸರಿಯಿಲ್ಲದೆ. ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರ ಲೆಕ್ಕಕ್ಕಿಲ್ಲ, ಸ್ಥಾನ ಬಂದಿರಬೇಕು. ಕಾಲೇಜಿನೊಳಗಿನ, ಸ್ಥಳೀಯ ಕೂಟದ್ದು ನಡೆಯದು. ಕಬಡ್ಡಿಯಲ್ಲಿ ತಂಡ ಗೆದ್ದರೆ ಅಷ್ಟೂ ಜನರ ಸರ್ಟಿಫಿಕೇಟು ಸೇರಿಸಿದರೂ ಅದು ಒಂದೇ ಪ್ರಶಸ್ತಿ. ಹನ್ನೆರಡೆಂದು ತುಂಬಿಸಿ, ಪರಿಶೀಲನೆಯಲ್ಲಿ ಒಂದಕ್ಕೆ ಇಳಿಸಿಕೊಂಡರೆ ಉಳಿದ ಅಂಕಿಗಳ ಮೇಲೂ ಅನುಮಾನ ಬೀಳುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರು ಪ್ರತಿ ಕೂಟ ಮುಗಿದ ವಾರದೊಳಗೆ ಸ್ಕ್ಯಾನ್ ಮಾಡಿ, ವರ್ಷವಾರು ಫೋಲ್ಡರಿನಲ್ಲಿಡುವುದು ಒಳ್ಳೆಯದು. ಐದು ವರ್ಷದ ಮೇಲೆ ಹುಡುಕಿದರೆ ಆ ಹುಡುಗ ಪದವಿ ಮುಗಿಸಿ ಹೋಗಿರುತ್ತಾನೆ. ನ್ಯಾಕ್ ಪದ್ಧತಿಯೇ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ವರ್ಷದ ಕೈಪಿಡಿಯನ್ನೇ ನೋಡಿ.

ಮಾಕಾ ಟ್ರೋಫಿ, ಖೇಲೋ ಇಂಡಿಯಾ ಗೆದ್ದರೆ ಬೆಲೆ ಇಲ್ಲವೇ?

ಇದೆ. 1956–57ರಲ್ಲಿ ಶುರುವಾದ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ವಿಶ್ವವಿದ್ಯಾಲಯ ಕ್ರೀಡೆಯ ಅತಿ ದೊಡ್ಡ ಗೌರವ. ಅದನ್ನು ಅತಿ ಹೆಚ್ಚು ಸಲ ಗೆದ್ದದ್ದು ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ. ಈಗ ಚಂಡೀಗಢ ವಿಶ್ವವಿದ್ಯಾಲಯ, ಲವ್ಲಿ ಪ್ರೊಫೆಷನಲ್ ವಿಶ್ವವಿದ್ಯಾಲಯದಂಥ ಖಾಸಗಿಯವರೂ ಅಖಾಡಕ್ಕಿಳಿದಿದ್ದಾರೆ. ಅವರಿಗೆ ಇದು ಪ್ರಚಾರದ ಖರ್ಚು.

2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆಯಿತು. ಈಜುಪಟು ಶಿವ ಶ್ರೀಧರ್ ಒಬ್ಬರೇ ಏಳು ಚಿನ್ನದಲ್ಲಿ ಪಾಲುದಾರರು. ಪದಕ ಪಟ್ಟಿ ಓದುವಾಗ ಇದನ್ನು ಗಮನಿಸಬೇಕು: ಈಜು, ಅಥ್ಲೆಟಿಕ್ಸ್‌ನಲ್ಲಿ ಸ್ಪರ್ಧೆಗಳು ಹೆಚ್ಚು. ನಾಲ್ಕಾರು ಒಳ್ಳೆಯ ಈಜುಗಾರರಿದ್ದರೆ ಪಟ್ಟಿ ಬದಲಾಗುತ್ತದೆ. ಹಾಕಿ ತಂಡ ಇಡೀ ವರ್ಷ ಬೆವರು ಸುರಿಸಿದರೂ ಒಂದೇ ಪದಕ.

ಮಂಗಳೂರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಹೆಸರು ಯಾರಿಗೆ ಸೇರಬೇಕು?

ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ಪದೇ ಪದೇ ಚಾಂಪಿಯನ್. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆದ ಕೂಟದಲ್ಲೂ ಅದೇ ಗೆದ್ದಿತು. ಪದಕಗಳ ಬಹುಪಾಲು ಒಂದೇ ಕಾಲೇಜಿನದ್ದು, ಆಳ್ವಾಸ್‌ನದ್ದು. ಊಟ, ವಸತಿ, ಶಿಕ್ಷಣ ಉಚಿತವಾಗಿ ಕೊಡುವ ಅಲ್ಲಿನ ಕ್ರೀಡಾ ದತ್ತು ಯೋಜನೆ ಅದರ ಬೆನ್ನೆಲುಬು. ಹಾಗಾಗಿ ಟ್ರೋಫಿಯ ಮೇಲೆ ವಿಶ್ವವಿದ್ಯಾಲಯದ ಹೆಸರಿದ್ದರೂ ಜನ ಹೇಳುವುದು ‘ಆಳ್ವಾಸ್ ಹುಡುಗರು’ ಎಂದೇ. ದುಡ್ಡು, ಶ್ರಮ ಹಾಕಿದವರಿಗೇ ಹೆಸರು ಹೋಗಿದೆ, ನ್ಯಾಯವೇ.

ಒಬ್ಬ ತಾರೆಯಿಂದ ಕಾಲೇಜಿನ ಹೆಸರು ನಿಲ್ಲುತ್ತದೆ ಎನ್ನುವವರಿಗೆ: ಅನಿಲ್ ಕುಂಬ್ಳೆ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು, ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯವರು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡುವ ಹುಡುಗ ನೋಡುವುದು ಕಟ್ ಆಫ್ ಮತ್ತು ಪ್ಲೇಸ್‌ಮೆಂಟು.

ನಮ್ಮ ಕಾಲೇಜಿನ ತಂಡದಿಂದ ಅಡ್ಮಿಷನ್ ಹೆಚ್ಚಿತೇ ಎಂದು ಹೇಗೆ ತಿಳಿಯುವುದು?

ಗೆದ್ದ ವರ್ಷವನ್ನೂ ಹಿಂದಿನ ವರ್ಷವನ್ನೂ ಮಾತ್ರ ಹೋಲಿಸಬೇಡಿ. ಗೆಲುವಿನ ಹಿಂದಿನ ಐದು, ನಂತರದ ಮೂರು ವರ್ಷದ ಅರ್ಜಿ ಸಂಖ್ಯೆ ಬರೆದುಕೊಳ್ಳಿ. ಮೊದಲೇ ಏರುತ್ತಿದ್ದರೆ ಆ ಏರಿಕೆಯನ್ನು ಕಳೆಯಿರಿ. ಪಕ್ಕದಲ್ಲಿ ತಂಡವಿಲ್ಲದ, ನಿಮ್ಮದೇ ಅಂತಸ್ತಿನ ಎರಡು ಕಾಲೇಜಿನ ಸಂಖ್ಯೆ ಇಡಿ. ಅಲ್ಲೂ ಅಷ್ಟೇ ಏರಿದ್ದರೆ ಕಾರಣ ಬೇರೆ. ಆ ವರ್ಷ ಹೊಸ ಕೋರ್ಸು ಬಂತೇ, ಫೀಸು ಇಳಿಯಿತೇ, ಬಸ್ಸು ಬಿಟ್ಟಿರಾ? ಅದನ್ನೂ ಬರೆಯಿರಿ. ದೂರದ ಜಿಲ್ಲೆಗಳಿಂದ ಬಂದ ಅರ್ಜಿ ಬೇರೆ ಮಾಡಿ ನೋಡಿ, ಹೆಸರು ಹಬ್ಬಿದ್ದರೆ ಮೊದಲು ಕಾಣುವುದು ಅಲ್ಲೇ. ಸೇರಿದವರ ಪಿಯುಸಿ ಸರಾಸರಿ ಇಳಿದಿದೆಯೇ ಎಂಬುದನ್ನು ಮುಚ್ಚಿಡಬೇಡಿ. ಕೊನೆಗೆ ಕೋಚ್ ಸಂಬಳ, ಊಟ, ಪ್ರಯಾಣ, ಕಿಟ್ ಎಲ್ಲ ಕೂಡಿಸಿ ಹೆಚ್ಚುವರಿಯಾಗಿ ಬಂದ ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ. ಬಹಳ ಕಡೆ ಈ ಲೆಕ್ಕ ಮಾಡಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ.

ಹಾಗಂತ ತಂಡ ಬೇಡ ಎಂದಲ್ಲ. ಹುಡುಗರು ಆಡಲಿ ಎಂದು ಮೈದಾನ ಮಾಡುವುದಕ್ಕೆ ಅಡ್ಮಿಷನ್ನಿನ ಸಮರ್ಥನೆ ಬೇಕಾಗಿಲ್ಲ.

ಐಐಟಿಯಲ್ಲೂ ಕ್ರೀಡಾ ಸೀಟು ಬಂದಿದೆಯಂತೆ?

ಐಐಟಿ ಮದ್ರಾಸ್ 2024–25ರಿಂದ ಪ್ರತಿ ಪದವಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಒಂದು ಹುಡುಗಿಯರಿಗೇ. ಜೆಇಇ ಅಡ್ವಾನ್ಸ್‌ಡ್‌ನಲ್ಲಿ ರ‍್ಯಾಂಕ್ ಪಟ್ಟಿಯೊಳಗೆ ಬರಲೇಬೇಕು, ಹಿಂದಿನ ನಾಲ್ಕು ವರ್ಷದಲ್ಲಿ ರಾಷ್ಟ್ರ ಅಥವಾ ಅಂತರರಾಷ್ಟ್ರೀಯ ಮಟ್ಟದ ಪದಕವೂ ಬೇಕು. ಆಮೇಲೆ ಕ್ರೀಡಾ ಅಂಕದ ಮೇಲೆ ಸೀಟು. ಅರ್ಜಿ ಬೇರೆ ಪೋರ್ಟಲ್‌ನಲ್ಲಿ, ಐಐಟಿ ಸೀಟು ಹಂಚುವ ಜೋಸಾದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋದವರು ಅಲ್ಲಿಂದ ವಾಪಸು ಬರುವುದೇಕೆ?

ಆಟದ ಕಾರಣಕ್ಕಲ್ಲ, ಹೆಚ್ಚಾಗಿ ಅರ್ಹತಾ ಪತ್ರದ ಕಾರಣಕ್ಕೆ. ವಯಸ್ಸು 17ರಿಂದ 25ರೊಳಗೆ, ಪೂರ್ಣಾವಧಿ ವಿದ್ಯಾರ್ಥಿ, ಕನಿಷ್ಠ ಒಂದು ವರ್ಷದ ಕೋರ್ಸು. ಎಸ್ಸೆಸ್ಸೆಲ್ಸಿ ಕಾರ್ಡು, ಪಿಯುಸಿ ಅಂಕಪಟ್ಟಿ, ಈ ವರ್ಷದ ಫೀಸು ರಸೀದಿ, ಗುರುತಿನ ಚೀಟಿ ಮೂಲಪ್ರತಿಯಲ್ಲೇ ಇರಲಿ. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಮಂಜುನಾಥ ಕೆಂಪಯ್ಯ’ ಎಂದಿದ್ದರೆ ಹೊರಡುವ ಮೊದಲೇ ಸರಿಪಡಿಸಿ. ಹಾಜರಿಗೆ ಆನ್ ಡ್ಯೂಟಿ ಪತ್ರವನ್ನು ಹೋಗುವ ಮುನ್ನವೇ ವಿಭಾಗಕ್ಕೆ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.